ಲಿನಕ್ಸ್ ಕಂಪ್ಯೂಟರಿಗೆ ಎಷ್ಟು ಸ್ವಾಪ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಹಂಚುವ ಹಂತಕ್ಕೆ ಬಂದ ಕೂಡಲೇ ಬಹಳ ಜನರಿಗೆ ಕೈ ತಡೆಯುವುದು ಸ್ವಾಪ್ ವಿಷಯದಲ್ಲಿ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲ ಪ್ರಶ್ನೆಗಳು ಹೊಸಬರಿಗೆ, ಕೊನೆಯವು ಸರ್ವರ್ ನೋಡಿಕೊಳ್ಳುವವರಿಗೆ. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಸ್ವಾಪ್ ಅಂದ್ರೆ ಏನು? ಅದನ್ನ ಹಾಕಿದ್ರೆ ರ‍್ಯಾಮ್ ಜಾಸ್ತಿ ಆದಂಗೇನಾ?

ಡಿಸ್ಕ್‌ನಲ್ಲಿ ಕರ್ನಲ್‌ಗೆಂದೇ, ಅಂದರೆ ಲಿನಕ್ಸ್‌ನ ತಿರುಳಾದ ಪ್ರೋಗ್ರಾಂಗೆಂದೇ, ಮೀಸಲಿಟ್ಟ ಜಾಗ ಸ್ವಾಪ್. ರ‍್ಯಾಮ್‌ನಲ್ಲಿರುವ ಮಾಹಿತಿಯನ್ನು ಕರ್ನಲ್ ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ನೋಡಿಕೊಳ್ಳುತ್ತದೆ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟಗಳನ್ನು ಸ್ವಾಪ್‌ಗೆ ಸಾಗಿಸಿ, ತೆರವಾದ ರ‍್ಯಾಮನ್ನು ಬೇರೆ ಕೆಲಸಕ್ಕೆ ಕೊಡುತ್ತದೆ. ಅಪರೂಪಕ್ಕೆ ಬೇಕಾಗುವ ಪಾತ್ರೆಯನ್ನು ಅಡುಗೆಮನೆಯಿಂದ ಅಟ್ಟಕ್ಕೆ ಹಾಕಿದ ಹಾಗೆ.

ರ‍್ಯಾಮ್ ಹೆಚ್ಚಾಯಿತು ಎಂದು ಮಾತ್ರ ತಿಳಿಯಬೇಡಿ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿಗೂ ಅದರ ಸಾವಿರ ಪಟ್ಟು ಹೊತ್ತು ಹಿಡಿಯುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಸುಮಾರು 10 ಮಿಲಿಸೆಕೆಂಡ್, ಅಂದರೆ ರ‍್ಯಾಮ್‌ಗಿಂತ ಲಕ್ಷ ಪಟ್ಟು ನಿಧಾನ. ಸುಮ್ಮನೆ ಕೂತ ಪುಟಗಳಿಗೆ ಸ್ವಾಪ್ ಬಹಳ ಒಳ್ಳೆಯ ಜಾಗ. ಕ್ಷಣಕ್ಷಣಕ್ಕೂ ಬೇಕಾಗುವ ಪುಟಗಳು ಅಲ್ಲಿಗೆ ಹೋದವೋ, ಮೌಸ್ ಕೂಡ ಅಲುಗಾಡುವುದಿಲ್ಲ. ಮುಂದಿನ ಉತ್ತರಗಳೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಲಿನಕ್ಸ್‌ಗೆ ಈ ಸೌಲಭ್ಯ ಬಂದ ಕಥೆಯೂ ಹೇಳುವಂಥದ್ದೇ. 1991ರ ಕೊನೆಯಲ್ಲಿ ಜರ್ಮನಿಯ ಬಳಕೆದಾರರೊಬ್ಬರ ಬಳಿ ಇದ್ದದ್ದು 2 ಎಂಬಿ ರ‍್ಯಾಮ್. ಅಷ್ಟರಲ್ಲಿ ಕರ್ನಲ್ ಕಂಪೈಲ್ ಆಗುತ್ತಿರಲಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಕ್ರಿಸ್‌ಮಸ್ ಹೊತ್ತಿನಲ್ಲಿ ಕೂತು ಡಿಸ್ಕ್‌ಗೆ ಪುಟ ಸಾಗಿಸುವ ವ್ಯವಸ್ಥೆ ಬರೆದರು. ಅದು 1992ರ ಜನವರಿಯ 0.12 ಆವೃತ್ತಿಯಲ್ಲಿ ಸೇರಿತು. ಮೊದಲ ದಿನದಿಂದಲೂ ಸ್ವಾಪ್ ಇರುವುದು ರ‍್ಯಾಮ್ ಕಡಿಮೆ ಇರುವವರ ಕೆಲಸ ನಿಲ್ಲಬಾರದು ಎಂದು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಸ್ವಾಪ್ ಎಷ್ಟಿದೆ ಅಂತ ನೋಡೋದು ಹೇಗೆ?

‘ಫ್ರೀ’ ಕಮಾಂಡ್‌ಗೆ ‘-ಎಚ್’ ಸೇರಿಸಿ ಕೊಡಿ. ‘ಸ್ವಾಪ್’ ಸಾಲಿನಲ್ಲಿ ಒಟ್ಟು, ಬಳಕೆಯಾದದ್ದು, ಉಳಿದದ್ದು ಕಾಣುತ್ತದೆ. ಮೇಲಿನ ‘ಮೆಮ್’ ಸಾಲಿನಲ್ಲಿ ‘ಫ್ರೀ’ ಅಂಕಣ ನೋಡಿ ಹೆದರಬೇಡಿ, ಅದು ಯಾವಾಗಲೂ ಕಡಿಮೆಯೇ ಇರುತ್ತದೆ. ಖಾಲಿ ರ‍್ಯಾಮನ್ನು ಕರ್ನಲ್ ಫೈಲ್ ಕ್ಯಾಷ್‌ಗೆ ಬಳಸಿಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಕೊನೆಯ ‘ಅವೈಲಬಲ್’ ಅಂಕಣ. ಸ್ವಾಪ್ ಯಾವ ಪಾರ್ಟಿಷನ್ ಅಥವಾ ಯಾವ ಫೈಲ್‌ನಲ್ಲಿದೆ ಎಂಬುದನ್ನು ‘ಸ್ವಾಪ್‌ಆನ್ --ಶೋ’ ಹೇಳುತ್ತದೆ. ಏನೂ ಬರಲಿಲ್ಲವಾದರೆ ಸ್ವಾಪ್ ಇಲ್ಲ ಎಂದೇ ಅರ್ಥ.

ರ‍್ಯಾಮ್‌ನ ಎರಡು ಪಟ್ಟು ಸ್ವಾಪ್ ಇಡಬೇಕು ಅಂತ ಕಾಲೇಜಲ್ಲಿ ಹೇಳಿಕೊಟ್ಟಿದ್ರು. ಈಗಲೂ ಅದೇ ಲೆಕ್ಕಾನಾ?

ಹೇಳಿಕೊಟ್ಟವರು ತಪ್ಪು ಹೇಳಿರಲಿಲ್ಲ, ಆ ಲೆಕ್ಕದ ಕಾಲ ಮುಗಿದಿದೆ ಅಷ್ಟೇ. 64 ಎಂಬಿ, 128 ಎಂಬಿ ರ‍್ಯಾಮ್ ಇದ್ದ ದಿನಗಳಲ್ಲಿ ಎರಡು ಪಟ್ಟು ಎಂದರೂ ಡಿಸ್ಕ್‌ನಲ್ಲಿ ಸಣ್ಣ ಮೂಲೆ. 2001ರಲ್ಲಿ ಬಂದ 2.4 ಕರ್ನಲ್‌ನ ಮೊದಲ ಆವೃತ್ತಿಗಳಲ್ಲಂತೂ ಅದಕ್ಕೆ ಗಟ್ಟಿ ಕಾರಣವೇ ಇತ್ತು. ಸ್ವಾಪ್‌ನಿಂದ ರ‍್ಯಾಮ್‌ಗೆ ವಾಪಸಾದ ಪುಟದ ಜಾಗವನ್ನು ಆ ಕರ್ನಲ್ ಸ್ವಾಪ್‌ನಲ್ಲಿ ತೆರವು ಮಾಡುತ್ತಿರಲಿಲ್ಲ. ಒಂದೇ ಪುಟ ಎರಡೂ ಕಡೆ ಕೂರುತ್ತಿದ್ದರಿಂದ, ರ‍್ಯಾಮ್‌ನಷ್ಟೇ ಸ್ವಾಪ್ ಕೊಟ್ಟರೆ ಹೆಚ್ಚುವರಿ ಲಾಭ ಸಿಗುತ್ತಿರಲಿಲ್ಲ. ಅದೇ ವರ್ಷ ಈ ಭಾಗವನ್ನು ತಿದ್ದಿ ಬರೆದರು.

ಕಾರಣ ಹೋಯಿತು, ಸೂತ್ರ ಪಠ್ಯಗಳಲ್ಲಿ, ಸಂದರ್ಶನದ ಪ್ರಶ್ನೆಗಳಲ್ಲಿ ಉಳಿದುಬಿಟ್ಟಿತು. 32 ಜಿಬಿ ರ‍್ಯಾಮ್ ಇರುವವರು 64 ಜಿಬಿ ಸ್ವಾಪ್ ಇಟ್ಟರೆ ಡಿಸ್ಕ್ ಜಾಗ ದಂಡ. ಇನ್ನೊಂದು ತೊಂದರೆಯೂ ಇದೆ: ಯಾವುದೋ ಪ್ರೋಗ್ರಾಂ ಹುಚ್ಚೆದ್ದು ಮೆಮೊರಿ ನುಂಗುತ್ತಾ ಹೋದರೆ ಆ 64 ಜಿಬಿ ತುಂಬುವವರೆಗೂ ಯಂತ್ರ ತೆವಳುತ್ತಲೇ ಇರುತ್ತದೆ.

ಜಾಸ್ತಿ ವಿವರಣೆ ಬೇಡ. 4 ಜಿಬಿ, 8 ಜಿಬಿ, 16 ಜಿಬಿಗೆ ಎಷ್ಟೆಷ್ಟು ಕೊಡ್ಲಿ, ಅಷ್ಟು ಹೇಳಿ.

ಮನೆಯ ಕಂಪ್ಯೂಟರ್, ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಆರಿಸುವುದು) ಬೇಡ ಎನ್ನುವುದಾದರೆ: 4 ಜಿಬಿ ರ‍್ಯಾಮ್‌ಗೆ 4 ಜಿಬಿ, 8 ಜಿಬಿಗೆ 4 ಜಿಬಿ, 16 ಜಿಬಿಗೆ 4 ಜಿಬಿ, 32 ಜಿಬಿಗೂ 4ರಿಂದ 6 ಜಿಬಿ. ಇದು ನನ್ನ ಸಲಹೆ. ಬಹಳ ಕಡೆ ನೋಡಿ ಗಟ್ಟಿಯಾದ ಅಭಿಪ್ರಾಯ.

ದೊಡ್ಡ ವಿತರಣೆಗಳ, ಅಂದರೆ ಬೇರೆ ಬೇರೆಯವರು ಸಿದ್ಧಮಾಡಿ ಕೊಡುವ ಲಿನಕ್ಸ್ ರೂಪಗಳ, ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ಉಬುಂಟು ಸಮುದಾಯದ ಹಳೆಯ ಪಟ್ಟಿ ರ‍್ಯಾಮ್‌ನ ವರ್ಗಮೂಲ ಹಿಡಿಯುತ್ತದೆ: 4 ಜಿಬಿಗೆ 2, 8ಕ್ಕೆ 3, 16ಕ್ಕೆ 4, 64ಕ್ಕೆ 8 ಜಿಬಿ. ರೆಡ್ ಹ್ಯಾಟ್ ಕಂಪನಿಯ ಶಿಫಾರಸು 2 ಜಿಬಿವರೆಗೆ ಎರಡು ಪಟ್ಟು, 2ರಿಂದ 8 ಜಿಬಿವರೆಗೆ ರ‍್ಯಾಮ್‌ನಷ್ಟೇ, ಅದಕ್ಕಿಂತ ಮೇಲೆ ಕನಿಷ್ಠ 4 ಜಿಬಿ. ರ‍್ಯಾಮ್ ಏರಿದಷ್ಟೂ ಸ್ವಾಪ್‌ನ ಪಾಲು ಇಳಿಯಬೇಕು ಎಂಬಲ್ಲಿ ಎರಡೂ ಒಂದೇ. 2 ಜಿಬಿಯೋ 4 ಜಿಬಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಫೈಲ್ ಆಗಿ ಇಟ್ಟರೆ ಯಾವಾಗ ಬೇಕಾದರೂ ಬದಲಿಸಬಹುದು.

16 ಜಿಬಿ ರ‍್ಯಾಮ್ ಹಾಕಿಸಿದೀನಿ. ಇನ್ಮೇಲೆ ಸ್ವಾಪ್ ಯಾಕೆ, ತೆಗೆದುಬಿಡ್ಲಾ?

ತೆಗೆಯಬೇಡಿ ಎಂದೇ ನನ್ನ ಉತ್ತರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ.

ರ‍್ಯಾಮ್‌ನಲ್ಲಿರುವ ಪುಟಗಳು ಮುಖ್ಯವಾಗಿ ಎರಡು ಬಗೆ. ಒಂದು, ಡಿಸ್ಕ್‌ನ ಫೈಲ್‌ಗಳಿಂದ ಬಂದವು: ಪ್ರೋಗ್ರಾಂಗಳ ಕೋಡ್, ಲೈಬ್ರರಿಗಳು, ತೆರೆದ ಕಡತಗಳು. ಇವನ್ನು ಕರ್ನಲ್ ಯಾವಾಗ ಬೇಕಾದರೂ ಬಿಸಾಡಬಹುದು, ಮೂಲ ಡಿಸ್ಕ್‌ನಲ್ಲಿ ಇದ್ದೇ ಇದೆ. ಎರಡು, ಪ್ರೋಗ್ರಾಂ ತಾನೇ ಹುಟ್ಟಿಸಿಕೊಂಡ ಮಾಹಿತಿ: ಬ್ರೌಸರ್ ಟ್ಯಾಬ್‌ನೊಳಗಿನ ಪುಟ, ನೀವಿನ್ನೂ ಸೇವ್ ಮಾಡದ ಪತ್ರ. ಇದಕ್ಕೆ ಡಿಸ್ಕ್‌ನಲ್ಲಿ ಮನೆಯಿಲ್ಲ. ಸ್ವಾಪ್ ಇಲ್ಲದಿದ್ದರೆ ಇದು ಬೆಳಗ್ಗೆಯಿಂದ ಯಾರೂ ಮುಟ್ಟದಿದ್ದರೂ ರ‍್ಯಾಮ್‌ನಲ್ಲೇ ಬೇರು ಬಿಡುತ್ತದೆ.

ಹೀಗಾಗಿ ಸ್ವಾಪ್ ತೆಗೆದ ಯಂತ್ರದಲ್ಲಿ ಮೆಮೊರಿ ಬಿಗಿಯಾದಾಗ ಕರ್ನಲ್‌ಗೆ ಉಳಿಯುವ ದಾರಿ ಒಂದೇ, ಫೈಲ್ ಪುಟಗಳನ್ನು ಬಿಸಾಡುವುದು. ಈಗಿಂದೀಗ ಓಡುತ್ತಿರುವ ಪ್ರೋಗ್ರಾಂನ ಕೋಡನ್ನೇ ಬಿಸಾಡಿ, ಮರುಕ್ಷಣ ಡಿಸ್ಕ್‌ನಿಂದ ಮತ್ತೆ ಓದುತ್ತದೆ. ಸ್ವಾಪ್ ಇಲ್ಲದ ಯಂತ್ರದಲ್ಲೂ ಡಿಸ್ಕ್ ದೀಪ ಬಿಡದೆ ಉರಿಯುತ್ತಾ ಎಲ್ಲ ಗಕ್ಕನೆ ನಿಂತುಬಿಡುವುದಕ್ಕೆ ಇದೇ ಕಾರಣ. ಸ್ವಾಪ್ ತೆಗೆದರೆ ಡಿಸ್ಕ್ ಓಡಾಟ ತಪ್ಪುತ್ತದೆ ಎಂಬ ನಂಬಿಕೆ ಹಾಗಾಗಿ ಸರಿಯಲ್ಲ.

ಟಿಎಂಪಿಎಫ್‌ಎಸ್, ಅಂದರೆ ಡಿಸ್ಕ್ ಬದಲು ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಮ್, ಅದರ ಲೆಕ್ಕವೂ ಇದೆ. ಫೆಡೋರಾದಂಥ ವಿತರಣೆಗಳಲ್ಲಿ ತಾತ್ಕಾಲಿಕ ಕಡತಗಳ ‘ಟಿಎಂಪಿ’ ಫೋಲ್ಡರ್ ಇರುವುದೇ ರ‍್ಯಾಮ್‌ನಲ್ಲಿ. ಅಲ್ಲಿ 3 ಜಿಬಿಯ ವಿಡಿಯೊ ಬಿಚ್ಚಿಟ್ಟರೆ 3 ಜಿಬಿ ರ‍್ಯಾಮ್ ಹೋಯಿತು. ಸ್ವಾಪ್ ಇದ್ದರೆ ಆ ಕಡತ ಮೆಲ್ಲಗೆ ಅತ್ತ ಸರಿಯುತ್ತದೆ, ಇಲ್ಲದಿದ್ದರೆ ಅಳಿಸುವವರೆಗೂ ಅಲ್ಲೇ ಕೂತಿರುತ್ತದೆ.

## ದಿನದ ಬಳಕೆಯಲ್ಲಿ

ರ‍್ಯಾಮ್ ಇನ್ನೂ 5 ಜಿಬಿ ಖಾಲಿ ಇದೆ, ಆದ್ರೂ ಸ್ವಾಪ್ 600 ಎಂಬಿ ಬಳಕೆ ಅಂತ ತೋರಿಸ್ತಿದೆ. ಏನೋ ಕೆಟ್ಟಿದೆಯಾ?

ಏನೂ ಕೆಟ್ಟಿಲ್ಲ. ಯಾವಾಗಲೋ ಒಮ್ಮೆ ಮೆಮೊರಿ ಬಿಗಿಯಾಗಿತ್ತು. ಆಗ ಹೊರಹೋದ ಪುಟಗಳು ಯಾರೂ ಕೇಳದ ಕಾರಣ ಅಲ್ಲೇ ಉಳಿದಿವೆ. ಜಾಗ ಸಿಕ್ಕಿತೆಂದು ಕರ್ನಲ್ ಅವನ್ನು ತಾನಾಗಿ ವಾಪಸ್ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಈ ಸಂಖ್ಯೆ ಸೊನ್ನೆಯಾಗಲಿ ಎಂದು ಸ್ವಾಪ್ ಆಫ್ ಮಾಡಿ ಆನ್ ಮಾಡುವ ಅಭ್ಯಾಸ ಬಿಡಿ. ರ‍್ಯಾಮ್‌ನಲ್ಲಿ ಜಾಗ ಸಾಲದಿದ್ದರೆ ‘ಸ್ವಾಪ್‌ಆಫ್’ ಅರ್ಧಕ್ಕೇ ಸೋಲುತ್ತದೆ, ಅಷ್ಟು ಹೊತ್ತು ಯಂತ್ರವೂ ಒದ್ದಾಡುತ್ತದೆ.

ನನಗೆ ಸಾಲ್ತಿಲ್ಲದೇ ಇರೋದು ಸ್ವಾಪೋ ರ‍್ಯಾಮೋ? ಹೇಗೆ ಗೊತ್ತಾಗತ್ತೆ?

ಸ್ವಾಪ್‌ನಲ್ಲಿ ಎಷ್ಟು ತುಂಬಿದೆ ಎನ್ನುವುದಕ್ಕಿಂತ ಎಷ್ಟು ಓಡಾಡುತ್ತಿದೆ ಎನ್ನುವುದನ್ನು ನೋಡಿ. ‘ವಿಎಂಸ್ಟಾಟ್ 1’ ಎಂದು ಕೊಟ್ಟರೆ ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಯಂತ್ರ ಶುರುವಾದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಡಿ. ‘ಎಸ್‌ಐ’ ಅಂಕಣ ಸ್ವಾಪ್‌ನಿಂದ ರ‍್ಯಾಮ್‌ಗೆ ಬರುತ್ತಿರುವುದು, ‘ಎಸ್‌ಓ’ ರ‍್ಯಾಮ್‌ನಿಂದ ಸ್ವಾಪ್‌ಗೆ ಹೋಗುತ್ತಿರುವುದು, ಎರಡೂ ಸೆಕೆಂಡಿಗೆ ಇಷ್ಟು ಕೆಬಿ ಎಂದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವಂಥ, 4 ಜಿಬಿ ರ‍್ಯಾಮ್‌ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ನೆನೆಸಿಕೊಳ್ಳಿ. ಬ್ರೌಸರ್‌ನಲ್ಲಿ ಹತ್ತು ಹದಿನೈದು ಟ್ಯಾಬ್, ಜೊತೆಗೆ ಲಿಬ್ರೆ ಆಫೀಸ್. ‘ಸ್ವಾಪ್‌ಡಿ’ ಅಂಕಣದಲ್ಲಿ 1400000, ಅಂದರೆ ಸುಮಾರು 1.4 ಜಿಬಿ ಸ್ವಾಪ್‌ನಲ್ಲಿದೆ. ‘ಎಸ್‌ಐ’, ‘ಎಸ್‌ಓ’ ಎರಡೂ ಸಾಲು ಸಾಲಾಗಿ 0, 0, 0. ಬೆಳಗ್ಗೆ ತೆರೆದಿಟ್ಟ ಟ್ಯಾಬ್ ಒಂದನ್ನು ಈಗ ಒತ್ತಿದರೆ ‘ಎಸ್‌ಐ’ ಎರಡು ಮೂರು ಸಾಲುಗಳಲ್ಲಿ ಕೆಲವು ಸಾವಿರಕ್ಕೆ ಏರಿ ಮತ್ತೆ 0ಗೆ ಇಳಿಯುತ್ತದೆ. ಇದು ಆರೋಗ್ಯವಂತ ಯಂತ್ರ. ಸ್ವಾಪ್ ತನ್ನ ಕೆಲಸ ಮಾಡುತ್ತಿದೆ.

ಅದೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಕರೆಯೂ ಶುರುವಾಯಿತು ಎನ್ನಿ. ‘ಎಸ್‌ಐ’, ‘ಎಸ್‌ಓ’ ಎರಡೂ ನಿಮಿಷಗಟ್ಟಲೆ ಹತ್ತಾರು ಸಾವಿರದಲ್ಲೇ ನಿಂತಿವೆ. ಕಾಯುತ್ತಿರುವ ಪ್ರೋಸೆಸ್‌ಗಳ ‘ಬಿ’ ಅಂಕಣ 3, 4 ತೋರಿಸುತ್ತಿದೆ. ಡಿಸ್ಕ್‌ಗಾಗಿ ಕಾದ ಸಮಯದ ‘ಡಬ್ಲ್ಯೂಎ’ 50 ದಾಟಿದೆ. ಹೊರಹಾಕಿದ ಪುಟವೇ ಮರುಕ್ಷಣ ಬೇಕಾಗುತ್ತಿದೆ. ಇಲ್ಲಿ ಸ್ವಾಪ್ ದೊಡ್ಡದು ಮಾಡಿದರೆ ಒಂದಿಷ್ಟೂ ಪ್ರಯೋಜನವಿಲ್ಲ, ರ‍್ಯಾಮ್ ಹಾಕಿಸಬೇಕು ಅಥವಾ ಕೆಲಸ ಕಡಿಮೆ ಮಾಡಬೇಕು.

ಸ್ವಾಪ್ ಸಣ್ಣದಾಗಿದೆ ಎನ್ನಲು ಗುರುತು ಬೇರೆ: ಸ್ವಾಪ್ ಪೂರ್ತಿ ತುಂಬಿದೆ, ಓಡಾಟ ಹೆಚ್ಚಿಲ್ಲ, ಆದರೂ ಪ್ರೋಗ್ರಾಂಗಳು ತಾವಾಗಿ ಮುಚ್ಚಿಕೊಳ್ಳುತ್ತಿವೆ. ‘ಡಿಎಂಇಎಸ್‌ಜಿ’ ಕಮಾಂಡ್ ತೋರಿಸುವ ಕರ್ನಲ್ ದಾಖಲೆಯಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಸಿಗುತ್ತದೆ. ಆಗ ಧಾರಾಳವಾಗಿ ಹೆಚ್ಚಿಸಿ.

2018ರ ಕೊನೆಯಲ್ಲಿ ಬಂದ 4.20 ಕರ್ನಲ್‌ನಿಂದ ಈಚೆಗೆ ಇನ್ನೂ ನೇರವಾದ ಅಳತೆ ಸಿಕ್ಕಿದೆ. ‘ಪ್ರಾಕ್’ ಫೋಲ್ಡರ್‌ನೊಳಗೆ ‘ಪ್ರೆಷರ್’, ಅದರೊಳಗೆ ‘ಮೆಮೊರಿ’ ಎಂಬ ಫೈಲ್ ಓದಿ. ಮೆಮೊರಿಗಾಗಿ ಕೆಲಸ ನಿಂತ ಸಮಯ ಕಳೆದ 10, 60, 300 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಎಂದು ಅಲ್ಲಿರುತ್ತದೆ. ‘ಫುಲ್’ ಸಾಲು ಬಹುಪಾಲು ಸೊನ್ನೆ ಇದ್ದರೆ ನಿಶ್ಚಿಂತೆಯಿಂದಿರಿ.

ಪಾರ್ಟಿಷನ್ ಮಾಡೋದು ಒಳ್ಳೇದಾ, ಫೈಲ್ ಸಾಕಾ?

ಫೈಲ್ ಸಾಕು. ವೇಗದಲ್ಲಿ ಗಮನಿಸುವಷ್ಟು ವ್ಯತ್ಯಾಸವಿಲ್ಲ: ಫೈಲ್‌ನ ಬ್ಲಾಕ್‌ಗಳು ಡಿಸ್ಕ್‌ನಲ್ಲಿ ಎಲ್ಲಿವೆ ಎಂದು ಕರ್ನಲ್ ಶುರುವಿನಲ್ಲೇ ಗುರುತು ಮಾಡಿಕೊಂಡು, ಆಮೇಲೆ ಫೈಲ್‌ಸಿಸ್ಟಮ್ ದಾಟಿ ನೇರ ಬರೆಯುತ್ತದೆ. ಉಬುಂಟು 2017ರ 17.04 ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಫೈಲನ್ನೇ ಬಳಸುತ್ತಿದೆ. ಡಿಸ್ಕ್‌ನಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಇದ್ದರೆ ಮಾತ್ರ ಎಚ್ಚರ. ಅದರಲ್ಲಿ ಸ್ವಾಪ್ ಫೈಲ್‌ಗೆ ಅವಕಾಶ ಬಂದದ್ದು 2019ರ 5.0 ಕರ್ನಲ್‌ನಲ್ಲಿ, ಅದೂ ಕಂಪ್ರೆಷನ್ ಮತ್ತು ಕಾಪಿ-ಆನ್-ರೈಟ್ (ಬದಲಾದ ಭಾಗವನ್ನು ಹೊಸ ಜಾಗದಲ್ಲಿ ಬರೆಯುವ ಪದ್ಧತಿ) ಆಫ್ ಆಗಿರಬೇಕು. ಸ್ವಾಪ್ ಫೈಲ್‌ಗೆ ಬೇರೆಯೇ ಸಬ್‌ವಾಲ್ಯೂಮ್ ಕೊಡಿ, ಇಲ್ಲದಿದ್ದರೆ ಸ್ನ್ಯಾಪ್‌ಶಾಟ್ ತೆಗೆಯಲು ಬಿಡುವುದಿಲ್ಲ. ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಒಳಗೆ ಸ್ವಾಪ್ ಇಡಬೇಡಿ. ಮೆಮೊರಿ ಬಿಗಿಯಾದ ಹೊತ್ತಿನಲ್ಲಿ ಬರೆಯುವುದಕ್ಕೇ ಅದಕ್ಕೆ ಮೆಮೊರಿ ಬೇಕಾಗಿ ಯಂತ್ರ ಗಂಟು ಬೀಳುವ ಸಾಧ್ಯತೆ ಇದೆ. ಅಲ್ಲಿ ಪ್ರತ್ಯೇಕ ಪಾರ್ಟಿಷನ್ನೇ ಸರಿ.

ಎಲ್ಲಾ ಇನ್‌ಸ್ಟಾಲ್ ಆಗಿದೆ. ಈಗ ಮತ್ತೆ ಫಾರ್ಮ್ಯಾಟ್ ಮಾಡದೆ ಸ್ವಾಪ್ ಹೆಚ್ಚಿಸಬಹುದಾ?

ಖಂಡಿತ. 4 ಜಿಬಿಯ ಹೊಸ ಫೈಲ್ ಸೇರಿಸುವುದಾದರೆ ಹೀಗೆ. ರೂಟ್ ಅಧಿಕಾರದಿಂದ ‘ಡಿಡಿ’ ಕಮಾಂಡ್ ಕೊಟ್ಟು, ಮೂಲವಾಗಿ ಡೆವ್ ಫೋಲ್ಡರ್‌ನ ‘ಝೀರೋ’, ಬ್ಲಾಕ್ ಅಳತೆ 1 ಎಂಬಿ, ಎಣಿಕೆ 4096 ಎಂದು ಹೇಳಿ ಫೈಲ್ ಹುಟ್ಟಿಸಿ. ‘ಔಟ್‌ಪುಟ್’ ಜಾಗದಲ್ಲಿ ಟೈಪ್ ಮಾಡಿದ್ದನ್ನು ಎಂಟರ್ ಒತ್ತುವ ಮುನ್ನ ಇನ್ನೊಮ್ಮೆ ಓದಿ. ಅಲ್ಲಿ ಡಿಸ್ಕ್‌ನ ಹೆಸರು ಬಿದ್ದರೆ ಇರುವುದೆಲ್ಲ ಅಳಿಸುತ್ತದೆ. ನಂತರ ‘ಸಿಎಚ್‌ಮಾಡ್ 600’ ಕೊಟ್ಟು ರೂಟ್ ಬಿಟ್ಟು ಬೇರೆ ಯಾರೂ ಓದದಂತೆ ಮಾಡಿ. ‘ಎಂಕೆಸ್ವಾಪ್’ ಅದನ್ನು ಸ್ವಾಪ್ ಆಗಿ ಸಿದ್ಧಮಾಡುತ್ತದೆ, ‘ಸ್ವಾಪ್‌ಆನ್’ ಬಳಕೆಗೆ ತರುತ್ತದೆ. ಮುಂದಿನ ಬೂಟ್‌ನಲ್ಲೂ ಇರಲಿ ಎಂದರೆ ‘ಎಫ್‌ಎಸ್‌ಟ್ಯಾಬ್’ ಕಡತದ ಕೊನೆಗೆ ಆ ಫೈಲ್‌ನ ಪೂರ್ತಿ ವಿಳಾಸ, ನಂತರ ‘ನನ್’, ‘ಸ್ವಾಪ್’, ‘ಡಿಫಾಲ್ಟ್ಸ್’, 0, 0 ಎಂಬ ಸಾಲು ಸೇರಿಸಿ.

‘ಫ್ಯಾಲೊಕೇಟ್’ ಬಳಸಿದರೆ ಕಣ್ಣು ಮಿಟುಕಿಸುವುದರಲ್ಲಿ ಫೈಲ್ ಆಗುತ್ತದೆ. ಆದರೆ ಎಲ್ಲ ಫೈಲ್‌ಸಿಸ್ಟಮ್‌ಗಳಲ್ಲೂ ಆ ಫೈಲ್ ಸ್ವಾಪ್‌ಗೆ ಒಗ್ಗುವುದಿಲ್ಲ. ಎರಡು ನಿಮಿಷ ಕಾದರೂ ‘ಡಿಡಿ’ ಭರವಸೆಯ ದಾರಿ.

ಎಸ್‌ಎಸ್‌ಡಿ ಮೇಲೆ ಸ್ವಾಪ್ ಇಟ್ರೆ ಬೇಗ ಹಾಳಾಗತ್ತಂತೆ, ಹೌದಾ?

ಲೆಕ್ಕ ಹಾಕಿ ನೋಡೋಣ. 300 ಟಿಬಿ ಬರೆಯುವವರೆಗೆ ಬಾಳಿಕೆಯ ಭರವಸೆ ಇರುವ 500 ಜಿಬಿ ಎಸ್‌ಎಸ್‌ಡಿ ಎನ್ನಿ. ದಿನಕ್ಕೆ 10 ಜಿಬಿ ಸ್ವಾಪ್‌ಗೇ ಬರೆದರೂ ವರ್ಷಕ್ಕೆ 3.65 ಟಿಬಿ. ಆ ಮಿತಿ ಮುಟ್ಟಲು 80 ವರ್ಷ ದಾಟುತ್ತದೆ. ದಿನಕ್ಕೆ 10 ಜಿಬಿ ಸ್ವಾಪ್‌ಗೆ ಹೋಗುತ್ತಿದ್ದರೆ ನೀವು ಚಿಂತಿಸಬೇಕಾದ್ದು ಎಸ್‌ಎಸ್‌ಡಿ ಬಗ್ಗೆ ಅಲ್ಲ, ರ‍್ಯಾಮ್ ಬಗ್ಗೆ.

ಎಸ್‌ಡಿ ಕಾರ್ಡ್, ಪೆನ್‌ಡ್ರೈವ್‌ಗಳ ಮಾತು ಬೇರೆ. ಅವುಗಳ ಬಾಳಿಕೆ ಕಡಿಮೆ, ಬರೆಯುವ ವೇಗವೂ ಕಡಿಮೆ. ರಾಸ್ಪ್‌ಬೆರಿ ಪೈ ಬಳಸುವವರು ಮುಂದೆ ಹೇಳುವ ಝಡ್‌ರ‍್ಯಾಮ್ ಕಡೆ ಹೋಗುವುದು ಒಳ್ಳೆಯದು.

ಡಿಟಿಪಿ ಕೆಲಸ ನಮ್ಮದು. ಗಿಂಪ್‌ನಲ್ಲಿ ದೊಡ್ಡ ಬ್ಯಾನರ್ ತೆರೆದ್ರೆ ಸಿಸ್ಟಂ ನಿಂತೇ ಹೋಗತ್ತೆ. ಸ್ವಾಪ್ ಹೆಚ್ಚಿಸಿದ್ರೆ ಸರಿ ಹೋಗತ್ತಾ?

ಚಿತ್ರ ತಿದ್ದುವ ಪ್ರೋಗ್ರಾಂ ಗಿಂಪ್‌ನ ಸಂಗತಿ ಸ್ವಲ್ಪ ಬೇರೆ. ಅದು ಸಿಸ್ಟಂ ಸ್ವಾಪನ್ನು ನೆಚ್ಚಿಕೊಂಡಿಲ್ಲ, ತನ್ನದೇ ಸ್ವಾಪ್ ಫೋಲ್ಡರ್ ಇಟ್ಟುಕೊಂಡಿದೆ. ಪ್ರಿಫರೆನ್ಸಸ್‌ನಲ್ಲಿ ‘ಟೈಲ್ ಕ್ಯಾಷ್’ ಎಂಬ ಮಿತಿ ಇದೆ. ಚಿತ್ರ ಆ ಮಿತಿ ದಾಟಿದ ಮೇಲೆ ಗಿಂಪ್ ತಾನೇ ಡಿಸ್ಕ್‌ಗೆ ಬರೆಯುತ್ತದೆ. ಮಿತಿಯನ್ನು ರ‍್ಯಾಮ್‌ಗೆ ತೀರಾ ಹತ್ತಿರ ಇಟ್ಟರೆ ಉಳಿದ ಪ್ರೋಗ್ರಾಂಗಳೆಲ್ಲ ಸಿಸ್ಟಂ ಸ್ವಾಪ್‌ಗೆ ತಳ್ಳಿಸಿಕೊಂಡು ಎರಡೂ ಸ್ವಾಪ್ ಒಂದೇ ಡಿಸ್ಕ್‌ಗಾಗಿ ಜಗಳವಾಡುತ್ತವೆ. 8 ಜಿಬಿ ಯಂತ್ರದಲ್ಲಿ ಟೈಲ್ ಕ್ಯಾಷ್ 4 ಜಿಬಿ ಸುತ್ತಮುತ್ತ ಇಟ್ಟು ನೋಡಿ. ಗಿಂಪ್‌ನ ಸ್ವಾಪ್ ಫೋಲ್ಡರ್ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಬದಲಿಸಿ.

## ಹೈಬರ್ನೇಟ್

ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲ, ಲ್ಯಾಪ್‌ಟಾಪ್ ಹೈಬರ್ನೇಟ್ ಮಾಡೋದೇ ಅಭ್ಯಾಸ. ಅದಕ್ಕೆ ಎಷ್ಟು ಬೇಕು?

ಸ್ವಾಪ್ ಗಾತ್ರ ನಿಜಕ್ಕೂ ರ‍್ಯಾಮ್ ಗಾತ್ರಕ್ಕೆ ಕಟ್ಟುಬೀಳುವುದು ಇಲ್ಲಿ. ಹೈಬರ್ನೇಟ್ ಎಂದರೆ ರ‍್ಯಾಮ್‌ನ ಚಿತ್ರವನ್ನು ಸ್ವಾಪ್‌ಗೆ ಬರೆದು ಯಂತ್ರ ಪೂರ್ತಿ ಆರಿಸುವುದು. ಬರೆಯುವ ಮುನ್ನ ಕರ್ನಲ್ ಕ್ಯಾಷ್ ಎಲ್ಲ ಬಿಸಾಡಿ ಚಿತ್ರವನ್ನು ರ‍್ಯಾಮ್‌ನ ಐದನೇ ಎರಡು ಭಾಗಕ್ಕೆ ಇಳಿಸಲು ನೋಡುತ್ತದೆ, ಮೇಲೆ ಕಂಪ್ರೆಸ್ ಕೂಡ ಮಾಡುತ್ತದೆ. ಹಾಗಾಗಿ ರ‍್ಯಾಮ್‌ಗಿಂತ ಕಡಿಮೆ ಸ್ವಾಪ್‌ನಲ್ಲೂ ಬಹಳ ಸಲ ಹೈಬರ್ನೇಟ್ ಆಗಿಬಿಡುತ್ತದೆ. ಅದನ್ನು ನೆಚ್ಚಿ ಕೂರಬೇಡಿ. ರ‍್ಯಾಮ್ ತುಂಬ ಕೆಲಸ ತೆರೆದಿಟ್ಟ ದಿನವೇ ಜಾಗ ಸಾಲದೆ ಹೋಗುವುದು, ಉಳಿಸಿಕೊಳ್ಳಲೇಬೇಕಾದ ಕೆಲಸ ಇರುವುದೂ ಅದೇ ದಿನ. ಸ್ವಾಪ್‌ನಲ್ಲಿ ಮೊದಲೇ ಕೂತಿರುವ ಪುಟಗಳಿಗೂ ಜಾಗ ಉಳಿಯಬೇಕು.

ರ‍್ಯಾಮ್‌ನಷ್ಟು, ಅದರ ಮೇಲೆ 2ರಿಂದ 4 ಜಿಬಿ ಇಡಿ. 8 ಜಿಬಿಗೆ 11, 16 ಜಿಬಿಗೆ 20 ಎಂದು ಉಬುಂಟು ಪಟ್ಟಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 64 ಜಿಬಿ ದಾಟಿದ ಯಂತ್ರಕ್ಕೆ ಹೈಬರ್ನೇಟ್ ಬೇಡ ಎನ್ನುತ್ತದೆ ರೆಡ್ ಹ್ಯಾಟ್. ಸರಿಯಾದ ಮಾತು, ಅಷ್ಟು ಬರೆದು ಓದುವಷ್ಟರಲ್ಲಿ ಹೊಸದಾಗಿ ಬೂಟ್ ಆಗಿ ಕೆಲಸ ಶುರುವಾಗಿರುತ್ತದೆ.

ಸ್ವಾಪ್ ಬೇಕಾದಷ್ಟಿದೆ, ಆದ್ರೂ ಹೈಬರ್ನೇಟ್ ಆಯ್ಕೆನೇ ಕಾಣ್ತಿಲ್ಲ.

ಮೊದಲು ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ನೋಡಿ. ಅದು ಆನ್ ಇದ್ದರೆ ಉಬುಂಟು, ಫೆಡೋರಾ ಮುಂತಾದವುಗಳ ಕರ್ನಲ್ ಲಾಕ್‌ಡೌನ್ ಸ್ಥಿತಿಗೆ ಹೋಗಿ ಹೈಬರ್ನೇಟನ್ನು ತಡೆಯುತ್ತದೆ. ಎರಡನೆಯದು, ಎಲ್ಲಿಂದ ಎಬ್ಬಿಸಬೇಕು ಎಂದು ಕರ್ನಲ್‌ಗೆ ಬೂಟ್ ಆಯ್ಕೆಯಲ್ಲಿ ಹೇಳಿರಬೇಕು. ಸ್ವಾಪ್ ಪಾರ್ಟಿಷನ್ ಆದರೆ ‘ರೆಸ್ಯೂಮ್’ ಒಂದೇ ಸಾಕು. ಫೈಲ್ ಆದರೆ ಆ ಫೈಲ್ ಡಿಸ್ಕ್‌ನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ‘ರೆಸ್ಯೂಮ್ ಆಫ್‌ಸೆಟ್’ ಕೂಡ ಬೇಕು. ಎಕ್ಸ್ಟ್4ನಲ್ಲಿ ಅದನ್ನು ‘ಫೈಲ್‌ಫ್ರ್ಯಾಗ್ -ವಿ’ ತೋರಿಸುತ್ತದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಆ ಸಂಖ್ಯೆ ತಪ್ಪಾಗಿರುತ್ತದೆ, ಅದರದ್ದೇ ‘ಮ್ಯಾಪ್-ಸ್ವಾಪ್‌ಫೈಲ್’ ಉಪಕಮಾಂಡ್ ಬಳಸಿ.

ಒಂದೇ ಯಂತ್ರದಲ್ಲಿ ಎರಡು ಲಿನಕ್ಸ್ ಇಟ್ಟು ಒಂದೇ ಸ್ವಾಪ್ ಹಂಚಿಕೊಂಡಿದ್ದರೆ, ಒಂದನ್ನು ಹೈಬರ್ನೇಟ್ ಮಾಡಿ ಇನ್ನೊಂದನ್ನು ಬೂಟ್ ಮಾಡಲೇಬೇಡಿ. ಮಲಗಿಸಿಟ್ಟ ಕೆಲಸ ಹೋದಂತೆಯೇ.

## ಇನ್ನಷ್ಟು ಆಳಕ್ಕೆ

ಝಡ್‌ರ‍್ಯಾಮ್, ಝಡ್‌ಸ್ವಾಪ್ ಅಂತಾರಲ್ಲ, ಎರಡೂ ಒಂದೇನಾ? ಹಾಕಿದ್ರೆ ಡಿಸ್ಕ್ ಸ್ವಾಪ್ ಬೇಡ್ವಾ?

ಒಂದೇ ಅಲ್ಲ. ಝಡ್‌ರ‍್ಯಾಮ್ ಎಂದರೆ ರ‍್ಯಾಮ್‌ನೊಳಗೇ ಇರುವ, ಕಂಪ್ರೆಸ್ ಮಾಡಿಟ್ಟ ಸ್ವಾಪ್ ಸಾಧನ. ಅದಕ್ಕೆ ಡಿಸ್ಕ್ ಬೇಡ. ಝಡ್‌ಸ್ವಾಪ್ ಡಿಸ್ಕ್ ಸ್ವಾಪ್‌ನ ಮುಂದೆ ನಿಲ್ಲುವ ಕಂಪ್ರೆಸ್ ಆದ ಕ್ಯಾಷ್. ಹಿಂದೆ ಡಿಸ್ಕ್ ಸ್ವಾಪ್ ಇರಲೇಬೇಕು, ತುಂಬಿದಾಗ ಹಳೆಯ ಪುಟಗಳನ್ನು ಅಲ್ಲಿಗೆ ಇಳಿಸುತ್ತದೆ. ಸಾಮಾನ್ಯ ಬಳಕೆಯಲ್ಲಿ ಪುಟಗಳು ಎರಡು ಮೂರು ಪಟ್ಟು ಕುಗ್ಗುತ್ತವೆ. ಬಿಚ್ಚಲು ಹಿಡಿಯುವ ಹೊತ್ತು ಡಿಸ್ಕ್‌ನಿಂದ ತರುವುದಕ್ಕಿಂತ ಎಷ್ಟೋ ಕಡಿಮೆ. ಆಂಡ್ರಾಯ್ಡ್ ಫೋನುಗಳಲ್ಲೂ ಝಡ್‌ರ‍್ಯಾಮ್ ಕೆಲಸ ಮಾಡುತ್ತಿರುತ್ತದೆ.

ಫೆಡೋರಾ 2020ರ 33ನೇ ಆವೃತ್ತಿಯಿಂದ ಡಿಸ್ಕ್ ಸ್ವಾಪ್ ಬಿಟ್ಟು ಝಡ್‌ರ‍್ಯಾಮ್ ಹಿಡಿದಿದೆ. 34ರಿಂದ ಅದರ ಅಳತೆ ರ‍್ಯಾಮ್‌ನಷ್ಟೇ, ಹೆಚ್ಚೆಂದರೆ 8 ಜಿಬಿ. ಈ 8 ಜಿಬಿ ಮೊದಲೇ ರ‍್ಯಾಮನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಪುಟ ಬಂದಷ್ಟೇ ಬಳಸುತ್ತದೆ.

ಹಾರ್ಡ್ ಡಿಸ್ಕ್ ಇರುವ 4 ಜಿಬಿಯ ಹಳೆಯ ಯಂತ್ರಕ್ಕೆ ಝಡ್‌ರ‍್ಯಾಮ್ ಹಾಕಿದರೆ ವ್ಯತ್ಯಾಸ ಅದೇ ದಿನ ಕಾಣುತ್ತದೆ. ಶಾಲೆಗಳಿಗೆ ದಾನ ಬಂದ ಕಂಪ್ಯೂಟರುಗಳನ್ನು ಸಿದ್ಧಮಾಡುವವರು ದಯವಿಟ್ಟು ಇದನ್ನು ಮರೆಯಬೇಡಿ. ಎಸ್‌ಎಸ್‌ಡಿ ಇದ್ದು, ಹೈಬರ್ನೇಟ್ ಕೂಡ ಬೇಕಿದ್ದರೆ ಝಡ್‌ಸ್ವಾಪ್ ಜೊತೆ ಡಿಸ್ಕ್ ಸ್ವಾಪ್ ಇಡಿ, ಝಡ್‌ರ‍್ಯಾಮ್‌ಗೆ ಹೈಬರ್ನೇಟ್ ಮಾಡಲಾಗದು. ಎರಡನ್ನೂ ಒಟ್ಟಿಗೆ ಆನ್ ಮಾಡಬೇಡಿ, ಕಂಪ್ರೆಸ್ ಆದದ್ದನ್ನೇ ಮತ್ತೆ ಕಂಪ್ರೆಸ್ ಮಾಡುವ ವ್ಯರ್ಥ ಕೆಲಸವಾಗುತ್ತದೆ.

ಸ್ವಾಪಿನೆಸ್ 10 ಮಾಡಿ, ಸಿಸ್ಟಂ ಫಾಸ್ಟ್ ಆಗತ್ತೆ ಅಂತ ಎಲ್ಲಾ ಕಡೆ ಬರೆದಿದಾರೆ.

ಸ್ವಾಪಿನೆಸ್ ಕರ್ನಲ್‌ನ ಒಂದು ಸೆಟ್ಟಿಂಗ್. ಆ ಸಂಖ್ಯೆ ರ‍್ಯಾಮ್ ಶೇಕಡಾ ಇಷ್ಟು ತುಂಬಿದ ಮೇಲೆ ಸ್ವಾಪ್ ಶುರುಮಾಡು ಎನ್ನುವುದಲ್ಲ. ಮೆಮೊರಿ ತೆರವು ಮಾಡಬೇಕಾಗಿ ಬಂದಾಗ ಫೈಲ್ ಪುಟ ಬಿಸಾಡುವುದು ಅಗ್ಗವೋ, ಸ್ವಾಪ್ ಮಾಡುವುದು ಅಗ್ಗವೋ ಎಂದು ಕರ್ನಲ್ ತೂಗುವ ತಕ್ಕಡಿ ಅದು. 100 ಎಂದರೆ ಎರಡರ ಖರ್ಚೂ ಸಮ. ಡಿಫಾಲ್ಟ್ 60 ಎಂದರೆ ಸ್ವಾಪ್ ತುಸು ದುಬಾರಿ ಎಂಬ ಅಂದಾಜು. 2020ರ 5.8 ಕರ್ನಲ್‌ನಿಂದ 200ರವರೆಗೂ ಕೊಡಬಹುದು.

10ಕ್ಕೆ ಇಳಿಸಿದರೆ ಮೇಲೆ ಹೇಳಿದ, ಓಡುತ್ತಿರುವ ಕೋಡನ್ನೇ ಬಿಸಾಡುವ ಪರಿಸ್ಥಿತಿಯ ಕಡೆ ಯಂತ್ರವನ್ನು ತಳ್ಳಿದಂತೆ. ಎಸ್‌ಎಸ್‌ಡಿ ಇರುವ ಸಾಮಾನ್ಯ ಯಂತ್ರದಲ್ಲಿ 60 ಮುಟ್ಟಬೇಡಿ. ಝಡ್‌ರ‍್ಯಾಮ್ ಇದ್ದರೆ ಸ್ವಾಪ್ ಮಾಡುವುದೇ ಅಗ್ಗ, 100ಕ್ಕಿಂತ ಮೇಲಿಡಿ. ಪಾಪ್ ಓಎಸ್ 180 ಇಟ್ಟಿದೆ. ಝಡ್‌ರ‍್ಯಾಮ್ ಜೊತೆ ‘ಪೇಜ್-ಕ್ಲಸ್ಟರ್’ ಎಂಬ ಇನ್ನೊಂದು ಆಯ್ಕೆಯನ್ನು 3ರಿಂದ 0ಗೆ ಇಳಿಸಿ. ಒಂದು ಪುಟ ಕೇಳಿದರೆ ಎಂಟು ಪುಟ ತರುವ ಅಭ್ಯಾಸ ಹಾರ್ಡ್ ಡಿಸ್ಕ್‌ಗೆ ಸರಿ, ಇಲ್ಲಿ ಬೇಕಿಲ್ಲ.

ಡೇಟಾಬೇಸ್ ಸರ್ವರ್‌ಗೆ 64 ಜಿಬಿ ರ‍್ಯಾಮ್ ಇದೆ. ಸ್ವಾಪ್ ಸೊನ್ನೆ ಇಡೋದೇ ಸರಿ ಅಂತಾರೆ ನಮ್ಮ ಟೀಮಲ್ಲಿ.

ಡೇಟಾಬೇಸ್‌ನ ಬಫರ್ ಸ್ವಾಪ್‌ಗೆ ಹೋದರೆ ಉತ್ತರ ತಡವಾಗುತ್ತದೆ ಎಂಬ ಭಯ ನ್ಯಾಯವಾದದ್ದೇ. ಅದಕ್ಕೆ ಮದ್ದು ಸ್ವಾಪಿನೆಸ್ 1, ಸೊನ್ನೆ ಸ್ವಾಪ್ ಅಲ್ಲ. 4ರಿಂದ 8 ಜಿಬಿ ಸ್ವಾಪ್ ಇಟ್ಟರೆ ಪಕ್ಕದಲ್ಲಿ ನಿದ್ದೆ ಮಾಡುವ ಸಣ್ಣಪುಟ್ಟ ಸೇವೆಗಳು ಹೊರಹೋಗುತ್ತವೆ, ರಾತ್ರಿ ಬ್ಯಾಕಪ್ ಹೊತ್ತಿನಲ್ಲಿ ಮೆಮೊರಿ ಒಮ್ಮೆ ಜಿಗಿದರೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಗ್ರಾಂ ನಿಲ್ಲಿಸುವ ಕರ್ನಲ್‌ನ ಭಾಗ) ಡೇಟಾಬೇಸನ್ನೇ ಕೊಲ್ಲುವ ಮುನ್ನ ನಿಮಗೆ ಎಚ್ಚರಿಕೆ ಸಿಗಲು ಸಮಯ ಇರುತ್ತದೆ. ಸ್ವಾಪ್ ಓಡಾಟಕ್ಕೆ ಅಲರಾಂ ಇಟ್ಟುಕೊಳ್ಳಿ.

ತಯಾರಕರ ಷರತ್ತುಗಳನ್ನೂ ಓದಿ. ಒರಾಕಲ್ ಡೇಟಾಬೇಸ್ 2ರಿಂದ 16 ಜಿಬಿ ರ‍್ಯಾಮ್‌ಗೆ ಅಷ್ಟೇ ಸ್ವಾಪ್, ಅದಕ್ಕಿಂತ ಹೆಚ್ಚಿಗೆ 16 ಜಿಬಿ ಕೇಳುತ್ತದೆ. ಎಲಾಸ್ಟಿಕ್‌ಸರ್ಚ್ ತದ್ವಿರುದ್ಧ, ತನ್ನ ಮೆಮೊರಿ ಸ್ವಾಪ್ ಆಗಲೇಬಾರದು ಎನ್ನುತ್ತದೆ. ಪೋಸ್ಟ್‌ಗ್ರೆಸ್‌ಗಾಗಿ ‘ಓವರ್‌ಕಮಿಟ್ ಮೆಮೊರಿ’ 2 ಎಂದಿಟ್ಟವರಿಗೆ ಸ್ವಾಪ್ ಗಾತ್ರ ನೇರ ಲೆಕ್ಕಕ್ಕೆ ಬರುತ್ತದೆ: ಹಂಚಬಹುದಾದ ಮೆಮೊರಿಯ ಮಿತಿ ಎಂದರೆ ಪೂರ್ತಿ ಸ್ವಾಪ್ ಮತ್ತು ಡಿಫಾಲ್ಟ್‌ನಲ್ಲಿ ರ‍್ಯಾಮ್‌ನ ಅರ್ಧ. ಸ್ವಾಪ್ ಸೊನ್ನೆ ಇಟ್ಟರೆ 64 ಜಿಬಿ ಯಂತ್ರ 32 ಜಿಬಿಗೇ ಮೆಮೊರಿ ಇಲ್ಲ ಎಂದುಬಿಡುತ್ತದೆ. ಆಗ ‘ಓವರ್‌ಕಮಿಟ್ ರೇಷಿಯೊ’ ಕೂಡ ಏರಿಸಬೇಕು.

ಡಾಕರ್, ಕುಬರ್ನೆಟಿಸ್ ಯಂತ್ರಗಳಿಗೆ?

ಡಾಕರ್‌ನಲ್ಲಿ ಕಂಟೈನರ್‌ಗೆ ‘ಮೆಮೊರಿ’ ಮಿತಿ ಮಾತ್ರ ಕೊಟ್ಟರೆ ಅಷ್ಟೇ ಪ್ರಮಾಣದ ಸ್ವಾಪನ್ನೂ ಅದು ಬಳಸಬಹುದು. 1 ಜಿಬಿ ಕೊಟ್ಟೆವು ಎಂದುಕೊಂಡಿರುತ್ತೇವೆ, ಅದಕ್ಕೆ ಒಟ್ಟು 2 ಜಿಬಿ ಸಿಕ್ಕಿರುತ್ತದೆ. ಬೇಡವಾದರೆ ‘ಮೆಮೊರಿ-ಸ್ವಾಪ್’ ಮಿತಿಯನ್ನೂ ಅದೇ ಸಂಖ್ಯೆಗೆ ಇಡಿ. ಪ್ರತಿ ಯಂತ್ರದಲ್ಲೂ ಓಡುವ ಕುಬರ್ನೆಟಿಸ್‌ನ ಕ್ಯೂಬ್ಲೆಟ್ ಸೇವೆ ಬಹುಕಾಲ ಸ್ವಾಪ್ ಕಂಡರೆ ಶುರುವೇ ಆಗುತ್ತಿರಲಿಲ್ಲ, ಈಗಲೂ ಡಿಫಾಲ್ಟ್ ಅದೇ. 2021ರ 1.22 ಆವೃತ್ತಿಯಲ್ಲಿ ಸ್ವಾಪ್‌ಗೆ ಪ್ರಯೋಗಾತ್ಮಕವಾಗಿ ಅವಕಾಶ ಕೊಡಲು ಶುರುಮಾಡಿತು. ನಿಮ್ಮ ಆವೃತ್ತಿಯ ಕೈಪಿಡಿ ನೋಡದೆ ಸ್ವಾಪ್ ಸೇರಿಸಬೇಡಿ.

ಸ್ವಾಪ್ ಡಿಸ್ಕ್‌ನಲ್ಲಿರೋದ್ರಿಂದ ಪಾಸ್‌ವರ್ಡ್ ಎಲ್ಲಾ ಅಲ್ಲಿ ಉಳ್ಕೊಳ್ಳತ್ತಾ?

ಉಳಿಯಬಹುದು. ರ‍್ಯಾಮ್‌ನಲ್ಲಿದ್ದ ಏನು ಬೇಕಾದರೂ ಸ್ವಾಪ್‌ಗೆ ಹೋಗಿರಬಹುದು, ಯಂತ್ರ ಆರಿಸಿದರೂ ಅಳಿಯುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಮಾರುವವರು ಇದನ್ನು ನೆನಪಿಡಿ. ಮನೆಯ ಫೋಲ್ಡರ್ ಅಳಿಸಿದರೂ ಸ್ವಾಪ್ ಪಾರ್ಟಿಷನ್ ಹಾಗೇ ಇರುತ್ತದೆ. ಹೈಬರ್ನೇಟ್ ಬೇಡವಾದರೆ ‘ಕ್ರಿಪ್ಟ್‌ಟ್ಯಾಬ್’ ಕಡತದಲ್ಲಿ ಸ್ವಾಪ್‌ಗೆ ಪ್ರತಿ ಬೂಟ್‌ಗೂ ಹೊಸ ಯಾದೃಚ್ಛಿಕ ಕೀಲಿ ಕೊಡಿ. ಯಂತ್ರ ಆರಿದ ಕ್ಷಣ ಹಿಂದಿನದ್ದು ಯಾರಿಗೂ ಓದಲಾಗದು. ಆ ಸಾಲಿನಲ್ಲಿ ‘ಎಸ್‌ಡಿಎ2’ ಎಂಬಂಥ ಹೆಸರು ಬರೆಯಬೇಡಿ. ಇನ್ನೊಂದು ಡಿಸ್ಕ್ ಸೇರಿಸಿದ ದಿನ ಆ ಹೆಸರು ಬೇರೆ ಪಾರ್ಟಿಷನ್‌ಗೆ ಹೋಗಿ, ನಿಮ್ಮ ಮಾಹಿತಿಯ ಮೇಲೆಯೇ ಸ್ವಾಪ್ ಬರೆದುಬಿಡುತ್ತದೆ. ಬದಲಾಗದ ಪಾರ್ಟಿಷನ್ ಐಡಿ ಬಳಸಿ. ಹೈಬರ್ನೇಟ್ ಬೇಕಾದವರು ಇನ್‌ಸ್ಟಾಲ್ ಹೊತ್ತಿನಲ್ಲೇ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಸ್ವಾಪನ್ನು ಅದರೊಳಗೆ ಇಡುವುದು ಸರಿ.

ಎರಡು ಡಿಸ್ಕ್ ಇದೆ, ಎರಡರಲ್ಲೂ ಸ್ವಾಪ್ ಇಡಬಹುದಾ?

ಇಡಬಹುದು. ಪ್ರತಿ ಸ್ವಾಪ್‌ಗೂ ಒಂದು ಆದ್ಯತೆ ಸಂಖ್ಯೆ ಇರುತ್ತದೆ, ಹೆಚ್ಚಿನ ಸಂಖ್ಯೆಯದು ಮೊದಲು ತುಂಬುತ್ತದೆ. ಎಸ್‌ಎಸ್‌ಡಿಗೆ 10, ಹಾರ್ಡ್ ಡಿಸ್ಕ್‌ಗೆ 5 ಎಂದು ‘ಎಫ್‌ಎಸ್‌ಟ್ಯಾಬ್’ ಸಾಲಿನಲ್ಲಿ ‘ಪಿಆರ್‌ಐ’ ಕೊಟ್ಟರೆ ಹಾರ್ಡ್ ಡಿಸ್ಕ್ ಕಡೆಯ ಆಸರೆಯಾಗಿ ಉಳಿಯುತ್ತದೆ. ಎರಡೂ ಒಂದೇ ವೇಗದವಾಗಿದ್ದರೆ ಒಂದೇ ಸಂಖ್ಯೆ ಕೊಡಿ, ಕರ್ನಲ್ ಸರದಿಯಂತೆ ಎರಡಕ್ಕೂ ಹಂಚುತ್ತದೆ. ಆದರೆ ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿ ಪುಟ ಇಟ್ಟಿದ್ದ ಪ್ರೋಗ್ರಾಂಗಳೆಲ್ಲ ಬೀಳುತ್ತವೆ. ನಿಲ್ಲಬಾರದ ಸರ್ವರ್ ಆದರೆ ಸ್ವಾಪನ್ನೂ ರೇಡ್ 1 (ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇಡುವ ವ್ಯವಸ್ಥೆ) ಮೇಲೆ ಇಡಿ.